ಮೂತ್ರಪಿಂಡದ ಸೋರಿಕೆ, ಎದೆಯ ಪರೀಕ್ಷೆ

ಮೂರು ವರ್ಷಗಳ ಹಿಂದೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಕಾಲುಗಳು ಊದಿಕೊಂಡವು. ಮೂತ್ರದಲ್ಲಿ ನೊರೆ ಆರದೆ ನಿಲ್ಲುತ್ತಿತ್ತು. ವೈದ್ಯರು ಮೂತ್ರಪಿಂಡದಿಂದ ಸೂಜಿಯ ಮೂಲಕ ಒಂದು ಎಳೆಯಷ್ಟು ಚೂರನ್ನು ತೆಗೆದು ಪರೀಕ್ಷಿಸಿದರು. ಬಳಿಕ ಎದೆಯ ಸ್ಕ್ಯಾನ್ ಆಗಬೇಕೆಂದರು. "ಸೋರುತ್ತಿರುವುದು ಮೂತ್ರಪಿಂಡ, ಇವರು ಎದೆಯಲ್ಲಿ ಏನನ್ನು ಹುಡುಕುತ್ತಾರೆ, ಮಾರಾಯರೆ?" ಎಂದು ಅವರು ಸಿಟ್ಟಿನಿಂದ ನನ್ನನ್ನು ಕೇಳಿದರು. ಕನ್ನಡ ಪಾಠ ಹೇಳಿಕೊಂಡು ಬಂದ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿಯೂ ಬಲ್ಲವರನ್ನು ಕೇಳಿಯೂ ತಿಳಿದುದನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ.

ಒಂದೊಂದು ಮೂತ್ರಪಿಂಡದಲ್ಲಿಯೂ ರಕ್ತವನ್ನು ಸೋಸುವ ಸೂಕ್ಷ್ಮ ನಾಳಗಳ ಗೊಂಚಲುಗಳು ಸುಮಾರು 10 ಲಕ್ಷ ಇವೆ. ಇವು ಕಸವನ್ನು ಹೊರಬಿಟ್ಟು ಪ್ರೋಟೀನನ್ನು ರಕ್ತದಲ್ಲಿಯೇ ಉಳಿಸಿಕೊಳ್ಳುವ ಜರಡಿಗಳು. ರೋಗಾಣುಗಳನ್ನು ಹಿಡಿಯಲೆಂದು ದೇಹವು ಸಿದ್ಧಪಡಿಸುವ ಪ್ರತಿಕಾಯಗಳು ಒಮ್ಮೊಮ್ಮೆ ಈ ಜರಡಿಯನ್ನೇ ಪರಕೀಯವೆಂದು ಬಗೆದು ಅದರ ಮೇಲೆ ಕೂಡುತ್ತವೆ. ಆಗ ಪ್ರೋಟೀನು ಸೋರಿಹೋಗುತ್ತದೆ. ಮೆಂಬ್ರೇನಸ್ ನೆಫ್ರೋಪತಿ ಎಂಬುದು ಇಂಥ ರೋಗ. 1959ರಲ್ಲಿಯೇ ಅಮೆರಿಕದ ವಾಲ್ಟರ್ ಹೈಮನ್ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನು ಹೋಲುವ ರೋಗವನ್ನು ಉಂಟುಮಾಡಿ ತೋರಿಸಿದ್ದರು. ಆದರೆ ವಯಸ್ಕರಲ್ಲಿ ಪ್ರತಿಕಾಯದ ಮುಖ್ಯ ಗುರಿ ಯಾವುದೆಂದು ಗೊತ್ತಾದದ್ದು 2009ರಲ್ಲಿ, ಬಾಸ್ಟನ್ನಿನ ಬೆಕ್ ಮತ್ತು ಸಾಲಂಟ್ ಅವರ ತಂಡದಿಂದ. ಆ ಪ್ರೋಟೀನಿನ ಹೆಸರು ಪಿಎಲ್ಎ2ಆರ್. ಇಂಥ ಹೆಸರುಗಳನ್ನು ಆಕಾಶವಾಣಿಯಲ್ಲಿ ಉಚ್ಚರಿಸುವ ಸಂಕಟ ನನಗಿರಲಿ, ಕೇಳುವ ಸಂಕಟಕ್ಕಾಗಿ ತಾವು ಕ್ಷಮಿಸಬೇಕು.

ಇನ್ನು ಎದೆಯ ಮಾತು. 1966ರಲ್ಲಿ ಅಮೆರಿಕದ ವೈದ್ಯರು ಹೀಗೆ ಪ್ರೋಟೀನು ಸೋರುತ್ತಿದ್ದ 101 ವಯಸ್ಕರನ್ನು ಪರಿಶೀಲಿಸಿದಾಗ 11 ಮಂದಿಯಲ್ಲಿ ಕ್ಯಾನ್ಸರ್ ಇತ್ತು. ನಂಟು ಕಂಡಿತು, ಕಾರಣ ಕಾಣಲಿಲ್ಲ. ಕಾರಣದ ಒಂದು ಎಳೆಯನ್ನು ತೋರಿಸಿದ್ದು ಜರ್ಮನಿಯ ಹ್ಯಾಂಬರ್ಗಿನ ವೈದ್ಯರು. 2014ರಲ್ಲಿ ಟಿಎಚ್‌ಎಸ್‌ಡಿ7ಎ ಎಂಬ ಇನ್ನೊಂದು ಗುರಿ ಗೊತ್ತಾಗಿತ್ತು. 2016ರಲ್ಲಿ ಅವರು ಒಬ್ಬ ಮಹಿಳೆಯ ವೃತ್ತಾಂತವನ್ನು ಪ್ರಕಟಿಸಿದರು. ಆಕೆಗೆ ಮೂತ್ರಪಿಂಡದ ಈ ರೋಗದೊಡನೆ ಪಿತ್ತಕೋಶದ ಕ್ಯಾನ್ಸರೂ ಇತ್ತು. ಜರಡಿಯಲ್ಲಿರುವ ಅದೇ ಪ್ರೋಟೀನನ್ನು ಆ ಗಡ್ಡೆಯೂ ಹೊತ್ತಿತ್ತು! ಗಡ್ಡೆಯ ವಿರುದ್ಧ ಹೊರಟ ಪ್ರತಿಕಾಯ ಜರಡಿಯಲ್ಲಿಯೂ ಅದೇ ಗುರುತನ್ನು ಕಂಡು ಅಲ್ಲಿಯೂ ಎರಗಿತೆಂದು ತಿಳಿಯಲು ಆಧಾರ ಸಿಕ್ಕಿತು. ಕ್ಯಾನ್ಸರಿಗೆ ಔಷಧಿ ಕೊಟ್ಟ ಮೇಲೆ ಪ್ರತಿಕಾಯ ಮಾಯವಾಯಿತು, ಸೋರಿಕೆಯೂ ತಗ್ಗಿತು.

ಎಲ್ಲ ರೋಗಿಗಳೂ ಹೆದರಬೇಕಾಗಿಲ್ಲ. ಪಿಎಲ್ಎ2ಆರ್ ಇರುವವರೇ ಹೆಚ್ಚು, ಅವರಲ್ಲಿ ಕ್ಯಾನ್ಸರ್ ವಿರಳ. ಇತ್ತೀಚೆಗೆ ತಿಳಿದುಬಂದ ನೆಲ್-1 ಎಂಬ ಗುರಿಯ ವಿಷಯ ಬೇರೆ. ಅಮೆರಿಕದ ಒಂದು ಅಧ್ಯಯನದಲ್ಲಿ ಅಂಥವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇತ್ತು. ನಮ್ಮ ದಕ್ಷಿಣ ಭಾರತದಲ್ಲಿ ಇದೇ ನೆಲ್-1 ರೋಗ ಪಾದರಸ ಬೆರೆತ ನಾಟಿ ಔಷಧಿ ಸೇವಿಸಿದವರಲ್ಲಿಯೂ, ಕೇರಳದಲ್ಲಿ ಮುಖ ಬೆಳ್ಳಗಾಗಲೆಂದು ಕ್ರೀಮು ಹಚ್ಚಿಕೊಂಡವರಲ್ಲಿಯೂ ಕಂಡುಬಂದಿದೆ; ಅದನ್ನು ಬಿಟ್ಟ ಮೇಲೆ ಅನೇಕರು ಗುಣಹೊಂದಿದ್ದಾರೆ. ಆದ್ದರಿಂದ ವೈದ್ಯರು ಯಾವ ಲೇಹ್ಯ, ಯಾವ ಭಸ್ಮ ಎಂದು ಕೇಳಿದರೆ ಸಂಕೋಚಪಡದೆ ಹೇಳಬೇಕು.

ನನ್ನ ಸಹೋದ್ಯೋಗಿಯ ಚೂರಿನಲ್ಲಿ ಸಿಕ್ಕಿದ್ದು ನೆಲ್-1. ಭಸ್ಮ, ಲೇಹ್ಯ ಯಾವುದನ್ನೂ ಅವರು ಮುಟ್ಟಿದವರಲ್ಲ. ಎದೆಯ ಸ್ಕ್ಯಾನಿನಲ್ಲಿ ಅಡಿಕೆಗಾತ್ರದ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳಲ್ಲಿ ನೊರೆ ಇಳಿಯಿತು, ಚಪ್ಪಲಿ ಮತ್ತೆ ಕಾಲಿಗೆ ಹಿಡಿಸಿತು. ಸ್ಕ್ಯಾನಿಗೆ ಹೋಗಲು ಮೂರು ವಾರ ಹಟಮಾಡಿದ ಸಂಗತಿಯನ್ನು ಅವರು ಯಾರಿಗೂ ಹೇಳುವುದಿಲ್ಲ. ಕಾಫಿ ತಂದಿಡುವಾಗ ಅವರ ಮನೆಯವರು ಹೇಳುತ್ತಾರೆ.