ಜೋಡಿದಾರದ ಲೋಲಕ
(ವಾಗ್ಳೆ ಎಸ್ಟೇಟಿನ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ವಿಜ್ಞಾನದ ಮೇಲೆ ಮಾತನಾಡಲು ಬಿ.ಕಾಂ. ಓದಿದ ಬ್ಯಾಂಕ್ ಗುಮಾಸ್ತನನ್ನು ನಿಲ್ಲಿಸಿದ್ದು ಕಾರ್ಯದರ್ಶಿಗಳ ಧೈರ್ಯ. ತಪ್ಪಿದಲ್ಲಿ ಇಲ್ಲಿರುವ ಇಂಜಿನಿಯರುಗಳು ತಿದ್ದಬೇಕು.

ನಾಗರ ಪಂಚಮಿಗೆ ಬೇವಿನ ಮರಕ್ಕೆ ಕಟ್ಟುತ್ತಿದ್ದ ಜೋಕಾಲಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಒಂದೇ ಹಗ್ಗಕ್ಕೆ ಕಟ್ಟಿದ ಕಲ್ಲು ಮನಬಂದಂತೆ ಗಿರಕಿ ಹೊಡೆಯುತ್ತದೆ. ಜೋಕಾಲಿಯ ಮಣೆ ಹಾಗಲ್ಲ. ತಿರುಗಿಸಿ ಬಿಟ್ಟರೆ ಹಿಂದಕ್ಕೆ ಬರುತ್ತದೆ. ಕಾರಣವಿಷ್ಟೆ: ತಿರುಗಿಸಿದಾಗ ಎರಡೂ ಹಗ್ಗಗಳು ಓರೆಯಾಗಿ ಮಣೆ ಕೊಂಚ ಮೇಲೇರುತ್ತದೆ, ಅದರ ತೂಕವೇ ಅದನ್ನು ಕೆಳಗೆಳೆಯುತ್ತದೆ. ಬಂದ ವೇಗಕ್ಕೆ ಅದು ಆಚೆ ಪಕ್ಕಕ್ಕೂ ತಿರುಗಿ ಮತ್ತೆ ಮರಳುತ್ತದೆ. ಇದೇ ಜೋಡಿದಾರದ ಲೋಲಕ.

ಕಳೆದ ಭಾನುವಾರ ಮಗಳ 30 ಸೆಂಟಿಮೀಟರಿನ ಮರದ ಅಡಿಪಟ್ಟಿಯನ್ನು ಮೀಟರುದ್ದದ ಎರಡು ದಾರಗಳಿಂದ ಬಾಗಿಲ ಚೌಕಟ್ಟಿಗೆ ತೂಗುಹಾಕಿದೆ. "ಇದ್ಯಾವ ಹಬ್ಬದ ತೋರಣಾರೀ?" ಎಂದಳು ಮನೆಯಾಕೆ. ದಾರಗಳ ನಡುವೆ 24 ಸೆಂಟಿಮೀಟರ್ ಇದ್ದಾಗ ಒಂದು ಸಲ ತಿರುಗಿ ಮರಳಲು ಸುಮಾರು ಒಂದೂವರೆ ಸೆಕೆಂಡು. ಮೇಲೂ ಕೆಳಗೂ 12ಕ್ಕೆ ತಂದಾಗ ಸುಮಾರು ಮೂರು. ಅಂತರ ಅರ್ಧವಾದರೆ ಕಾಲ ಇಮ್ಮಡಿ! ತುದಿಗಳಿಗೆ ಒಂದೊಂದು ನಾಣ್ಯ ಅಂಟಿಸಿದರೆ ಪಟ್ಟಿ ನಿಧಾನವಾಯಿತು. ಅವೇ ನಾಣ್ಯಗಳನ್ನು ನಟ್ಟನಡುವೆ ಇಟ್ಟರೆ ಚುರುಕಾಯಿತು. ಹಣ ಅಷ್ಟೇ, ಇಟ್ಟ ಜಾಗ ಬೇರೆ.

ತೂಕ ಎಲ್ಲಿ ಹಂಚಿದೆಯೆಂಬುದನ್ನು ದಾರವೂ ಗಡಿಯಾರವೂ ಹೀಗೆ ಹೇಳಿಬಿಡುತ್ತವೆ. ಇಂಜಿನ್ನಿನ ಕನೆಕ್ಟಿಂಗ್ ರಾಡಿನಂಥ ಭಾಗವನ್ನು ಎರಡು ತಂತಿಗಳಿಂದ ತೂಗುಹಾಕಿ, ತಿರುಗುವುದಕ್ಕೆ ಅದು ಒಡ್ಡುವ ಜಡತ್ವವನ್ನು ಲೆಕ್ಕಹಾಕುವುದು ಹೀಗೆಯೇ. 1962ರಲ್ಲಿ ಹುಟ್ಟಿದ ಎಂ.ಐ.ಡಿ.ಸಿ.ಯ ಮೊದಲ ಕೈಗಾರಿಕಾ ಪ್ರದೇಶ ನಮ್ಮ ಈ ವಾಗ್ಳೆ ಎಸ್ಟೇಟ್. ಇಲ್ಲಿ ಲೇತಿನ ಮುಂದೆ ನಿಲ್ಲುವ ಗೆಳೆಯರು "ಫಿಸಿಕ್ಸು ನಮಗ್ಯಾಕೆ?" ಎಂದಾಗ ನನಗೆ ಕಸಿವಿಸಿಯಾಗುತ್ತದೆ.

ಇದಕ್ಕಿಂತ ದೊಡ್ಡ ಕೆಲಸವನ್ನೂ ಈ ಎರಡು ದಾರಗಳು ನಮ್ಮ ಮುಂಬಯಿಯಲ್ಲೇ ಮಾಡಿವೆ. ಜರ್ಮನಿಯ ಗೌಸ್ ಮಹಾಶಯನು 1837ರ ಹೊತ್ತಿಗೆ ಅಯಸ್ಕಾಂತವನ್ನು ಜೋಡಿದಾರದಿಂದ ತೂಗುಹಾಕಿದ. ದಾರಗಳನ್ನು ತಿರುಚಿ ಅದನ್ನು ಉತ್ತರ-ದಕ್ಷಿಣಕ್ಕೆ ಅಡ್ಡಲಾಗಿ ನಿಲ್ಲಿಸಿದರೆ, ಭೂಕಾಂತ ಒಂದು ಕಡೆ ಎಳೆಯುತ್ತದೆ, ತೂಕ ಇನ್ನೊಂದು ಕಡೆ. ಭೂಕಾಂತದ ಬಲ ಕಿಂಚಿತ್ ಬದಲಾದರೂ ಅಯಸ್ಕಾಂತ ಹೊರಳುತ್ತದೆ. ಕೊಲಾಬಾ ವೀಕ್ಷಣಾಲಯದಲ್ಲಿ ಇಂಥ ಉಪಕರಣವನ್ನು ಕಣ್ಣಿನಿಂದ ಓದಿ, ಅಂಕಿಗಳನ್ನು ಕೈಯಿಂದ ಬರೆದಿಡುತ್ತಿದ್ದರು.

1859ರ ಸೆಪ್ಟೆಂಬರ್ 2ರಂದು ಆ ಅಂಕಿ ಹಿಂದೆಂದೂ ಕಾಣದಷ್ಟು ಕುಸಿಯಿತು. ಹಿಂದಿನ ದಿನ ಇಂಗ್ಲೆಂಡಿನಲ್ಲಿ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಕಂಡ ಸ್ಫೋಟದ ಫಲವದು. ಬ್ಯಾಂಕಿನಲ್ಲಿ ವಿಚಿತ್ರ ಮೊತ್ತ ಬಂದರೆ 'ಬರೆದವನ ಕೈ ತಪ್ಪಿರಬೇಕು' ಎಂದು ತಿದ್ದುವ ಆಸೆ ನಮಗೆ ಬರುವುದುಂಟು. ಕೊಲಾಬಾದವರು ತಿದ್ದಲಿಲ್ಲ, ಕಂಡದ್ದನ್ನು ಬರೆದರು. ಇಳಿತ ಸುಮಾರು 1600 ನ್ಯಾನೋಟೆಸ್ಲಾ, ಅಂದರೆ ಇಲ್ಲಿನ ಅಡ್ಡಬಲದ ನೂರಕ್ಕೆ ನಾಲ್ಕರಷ್ಟು ಎಂದು ಆ ಹಳೆಯ ದಾಖಲೆಯಿಂದ ತೆಗೆದ ಲೆಕ್ಕ 2003ರಲ್ಲಿ ಪ್ರಕಟವಾಯಿತು. 1989ರಲ್ಲಿ ಇದಕ್ಕಿಂತ ಸಣ್ಣ ಕಾಂತಬಿರುಗಾಳಿಯೊಂದು ಕೆನಡಾದ ಕ್ಯುಬೆಕ್ ಪ್ರಾಂತವನ್ನೇ ಕತ್ತಲೆಗೆ ತಳ್ಳಿತು. 1859ರಂಥದು ಮತ್ತೆ ಬಂದರೆ ಏನಾದೀತೆಂದು ಅಳೆಯುವವರು ಇಂದಿಗೂ ಕೊಲಾಬಾದ ಅಂಕಿಗಳನ್ನು ನೋಡುತ್ತಾರೆ.

ಮುಂಬಯಿಗೆ ವಿದ್ಯುತ್ ಟ್ರಾಮ್ ಬರಲಿದ್ದುದರಿಂದ ಈ ಅಳತೆಯ ಕೆಲಸ 1904ರಲ್ಲಿ ಅಲೀಬಾಗಿಗೆ ಹೋಯಿತು. ಅದರ ಪರಂಪರೆಯ ಭೂಕಾಂತ ಸಂಸ್ಥೆ ಈಗಿರುವುದು ನಮ್ಮ ಪಕ್ಕದ ನ್ಯೂ ಪನ್ವೇಲಿನಲ್ಲಿ.

ಅಡಿಪಟ್ಟಿಯನ್ನೂ ದಾರವನ್ನೂ ತಂದಿದ್ದೇನೆ. ಊಟದೆಲೆ ಹಾಕುವವರೆಗೆ ಮಕ್ಕಳು ಬಂದು ತಿರುಗಿಸಿ ನೋಡಬಹುದು; ನಾಣ್ಯಗಳನ್ನು ಮಾತ್ರ ಎಣಿಸಿ ಹಿಂದಕ್ಕೆ ಕೊಡಬೇಕು.