‘ಇಲ್ಲ’ ಅಂತ ಬರೆಯುವ ಮುಂಚೆ: ಪೊಲೀಸ್ ನೌಕರಿ ಮತ್ತು ಪೂರ್ವಾಪರ ಪರಿಶೀಲನೆ

ಅಣ್ಣಂದಿರೇ, ತಮ್ಮಂದಿರೇ, ಅಕ್ಕ-ತಂಗಿಯರೇ, ನಮಗೆ ಸಿಗೋದೇ ವಾರಕ್ಕೊಂದು ರಜೆ. ಬಟ್ಟೆ ಒಗೆಯೋದು, ಊರಿಗೆ ಫೋನ್ ಮಾಡೋದು ಎಲ್ಲ ಬಿಟ್ಟು ಈ ಶುಕ್ರವಾರ ಇಲ್ಲಿ ಬಂದು ಕೂತಿದ್ದೀರಿ. ಅದಕ್ಕೇ ಉದ್ದ ಪೀಠಿಕೆ ಹಾಕಲ್ಲ.

ನಾನು ವಕೀಲನಲ್ಲ, ಪೊಲೀಸನೂ ಅಲ್ಲ. ಬಿ.ಕಾಂ. ಓದಿ, ಇಲ್ಲಿ ರೂವಿಯಲ್ಲಿ ಒಂದು ಕಂಪನಿಯ ಲೆಕ್ಕ ಬರೆಯುವವನು. ಆದರೂ ಈ ವಿಷಯ ನಾನೇ ಮಾತಾಡ್ತೀನಿ ಅಂತ ವೇದಿಕೆಯವರನ್ನು ಕೇಳಿಕೊಂಡೆ. ಯಾಕೆ ಅಂತ ಹೇಳ್ತೀನಿ.

ಹೋದ ತಿಂಗಳು ಘಾಲಾದ ಕ್ಯಾಂಪಿನಲ್ಲಿರುವ ಬಡಗಿ ಅಣ್ಣ ಒಬ್ಬರು ತಮ್ಮ ಫೋನ್ ತೋರಿಸಿದರು. ಊರಲ್ಲಿ ಅವರ ತಮ್ಮ ಕಾನ್‌ಸ್ಟೇಬಲ್ ಪರೀಕ್ಷೆ ಪಾಸಾಗಿ, ಓಟ, ಜಿಗಿತ, ವೈದ್ಯಕೀಯ ಎಲ್ಲ ಮುಗಿಸಿದ್ದಾನೆ. ಕೋಚಿಂಗ್ ದುಡ್ಡು ಕಳಿಸಿದ್ದು ಇವರೇ. ಈಗ ಕೈಗೆ ಒಂದು ಫಾರ್ಮ್ ಬಂದಿದೆ. ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ ಅಂತ ಅದರಲ್ಲಿ ಕೇಳಿದ್ದಾರೆ. ಗಣೇಶನ ಮೆರವಣಿಗೆಯಲ್ಲಿ ಗಲಾಟೆ ಆಗಿ ಒಂದು ಕೇಸ್ ಆಗಿತ್ತು, ರಾಜಿಯಾಗಿ ಮುಗಿದಿದೆ. ಹುಡುಗ ವಾಯ್ಸ್ ಮೆಸೇಜ್ ಕಳಿಸಿದ್ದ: ‘ಅಣ್ಣಾ, ಮುಗಿದ ಕೇಸು ತಾನೇ, ಇಲ್ಲ ಅಂತ ಬರೀಲಾ?’

ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ಯಾಕಂದ್ರೆ ಇದೇ ಪ್ರಶ್ನೆಯನ್ನು ನಾನು ಒಮ್ಮೆ ಕೇಳಿದ್ದೆ.

ಬಿ.ಕಾಂ. ಕೊನೇ ವರ್ಷದಲ್ಲಿದ್ದಾಗ ಊರಿನ ಕಬಡ್ಡಿ ಪಂದ್ಯದಲ್ಲಿ ಹೊಡೆದಾಟ ಆಯ್ತು. ದೂರಿನಲ್ಲಿ ಹನ್ನೊಂದು ಜನರ ಹೆಸರು, ಅದರಲ್ಲಿ ನನ್ನದೂ ಒಂದು. ಎರಡು ವರ್ಷ ಕೋರ್ಟಿಗೆ ಅಲೆದು, ರಾಜಿಯಾಗಿ ಖುಲಾಸೆ ಆಯ್ತು. ಆಮೇಲೆ ಪೊಲೀಸ್ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು. ಫಾರ್ಮ್ ತುಂಬುವಾಗ ಊರಿನ ಹಿರಿಯರೊಬ್ಬರು, ‘ಖುಲಾಸೆ ಆದಮೇಲೆ ಕೇಸೇ ಇಲ್ಲ ಕಣಪ್ಪಾ, ಇಲ್ಲ ಅಂತ ಹಾಕು’ ಅಂದರು. ಹಾಕಿದೆ. ಪರಿಶೀಲನೆಗೆ ಕಾಗದ ಹೋಗಿದ್ದು ಕೇಸ್ ದಾಖಲಾಗಿದ್ದ ಅದೇ ಠಾಣೆಗೆ! ಮೂರು ತಿಂಗಳಲ್ಲಿ ಪತ್ರ ಬಂತು. ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಆಯ್ಕೆ ರದ್ದು. ಅಪ್ಪ ಆ ಪತ್ರವನ್ನು ದೇವರ ಕೋಣೆಯ ಗೂಡಿನಲ್ಲಿ ಮಡಚಿಟ್ಟರು. ಆಮೇಲೆ ಆ ಮಾತೇ ಎತ್ತಲಿಲ್ಲ. ಮುಂದಿನ ವರ್ಷ ನಾನು ಮಸ್ಕತ್ ವಿಮಾನ ಹತ್ತಿದೆ.

ಅದೇ ಕೇಸಿನಲ್ಲಿದ್ದ ನನ್ನ ಗೆಳೆಯ ನನ್ನ ಕಥೆ ನೋಡಿ ಪಾಠ ಕಲಿತ. ಮುಂದಿನ ನೇಮಕಾತಿಯಲ್ಲಿ ‘ಹೌದು’ ಅಂತ ಬರೆದು, ತೀರ್ಪಿನ ನಕಲು ಲಗತ್ತಿಸಿದ. ಅವನನ್ನು ಕರೆಸಿ ವಿಚಾರಿಸಿದರು, ಏಳೆಂಟು ತಿಂಗಳು ತಡವಾಯ್ತು. ಆದರೆ ನೌಕರಿ ಸಿಕ್ಕಿತು. ಇಬ್ಬರದೂ ಕೇಸ್ ಒಂದೇ, ತೀರ್ಪೂ ಒಂದೇ. ಬರೆದ ಉತ್ತರ ಮಾತ್ರ ಬೇರೆ.

ಈಗ ವಿಷಯಕ್ಕೆ ಬರೋಣ. ಪರೀಕ್ಷೆಯಲ್ಲಿ ಪಾಸಾದ ಕೂಡಲೇ ಯಾರೂ ಪೊಲೀಸ್ ಆಗಲ್ಲ. ಅಭ್ಯರ್ಥಿಯ ನಡತೆ ಒಳ್ಳೆಯದು, ಹುದ್ದೆಗೆ ಯೋಗ್ಯ ಎಂದು ನೇಮಕಾತಿ ಪ್ರಾಧಿಕಾರಕ್ಕೆ ಮನವರಿಕೆ ಆಗಬೇಕು. ಕರ್ನಾಟಕದ 1977ರ ಸಾಮಾನ್ಯ ನೇಮಕಾತಿ ನಿಯಮಗಳಲ್ಲೇ ಇದು ಇದೆ. ಇದಕ್ಕೆ ನಡತೆ ಮತ್ತು ಪೂರ್ವಾಪರ ಪರಿಶೀಲನೆ ಅಂತ ಹೆಸರು. ನೀವು ಕೊಟ್ಟ ವಿಳಾಸದ ಠಾಣೆಗೆ ಕಾಗದ ಹೋಗುತ್ತೆ. ಠಾಣೆಯವರು ರಿಜಿಸ್ಟರ್ ನೋಡ್ತಾರೆ, ಮನೆಗೆ ಬರ್ತಾರೆ, ಅಕ್ಕಪಕ್ಕದವರನ್ನು ಕೇಳ್ತಾರೆ. ಈಗ ಸಿ.ಸಿ.ಟಿ.ಎನ್.ಎಸ್. ಅನ್ನುವ ಕಂಪ್ಯೂಟರ್ ಜಾಲದಲ್ಲಿ ದೇಶದ ಠಾಣೆಗಳು ಒಂದಕ್ಕೊಂದು ಸೇರಿವೆ. ಬೇರೆ ಜಿಲ್ಲೆಯ ಕೇಸು ಇವರಿಗೆ ಹೇಗೆ ಗೊತ್ತಾಗುತ್ತೆ ಅನ್ನುವ ಕಾಲ ಹೋಯಿತು.

ಸಿ.ಆರ್.ಪಿ.ಎಫ್., ಬಿ.ಎಸ್.ಎಫ್., ಸಿ.ಐ.ಎಸ್.ಎಫ್. ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಹಾಗಾಗಿ ನಮ್ಮ ಹುಡುಗರು ಅದಕ್ಕೂ ಹೋಗ್ತಿದ್ದಾರೆ. ಕೇಂದ್ರ ಸರ್ಕಾರದ ಅಟೆಸ್ಟೇಶನ್ ಫಾರ್ಮಿನ ಪ್ರಶ್ನೆಗಳನ್ನು ಗಮನವಿಟ್ಟು ಕೇಳಿ. ಎಂದಾದರೂ ಬಂಧನ ಆಗಿತ್ತೇ? ಮೊಕದ್ದಮೆ ನಡೆದಿತ್ತೇ? ಮುಚ್ಚಳಿಕೆ ಬರೆಸಿಕೊಂಡಿದ್ದರೇ? ನ್ಯಾಯಾಲಯ ದಂಡ ಹಾಕಿತ್ತೇ? ಪರೀಕ್ಷೆಯಿಂದ ಡಿಬಾರ್ ಮಾಡಿದ್ದರೇ? ಇದರಲ್ಲಿ ‘ಎಂದಾದರೂ’ ಅನ್ನುವ ಪದ ಮುಖ್ಯ. ‘ಶಿಕ್ಷೆ ಆಗಿತ್ತೇ’ ಅಂತ ಮಾತ್ರ ಕೇಳಿದ್ದಾರೆ ಅಂದುಕೊಂಡು ನಮ್ಮವರು ಎಡವುತ್ತಾರೆ. ಖುಲಾಸೆ ಆಗಿರಲಿ, ರಾಜಿ ಆಗಿರಲಿ, ಮೊಕದ್ದಮೆ ನಡೆದಿದ್ದು ನಡೆದಿದ್ದೇ. ಚುನಾವಣೆ, ಹಬ್ಬದ ಸಮಯದಲ್ಲಿ 107ರ ಕೆಳಗೆ ಬಾಂಡ್ ಬರೆಸಿಕೊಳ್ತಾರಲ್ಲ, ಹೊಸ ಕಾನೂನಿನಲ್ಲಿ ಅದೇ 126, ಅದೂ ಮುಚ್ಚಳಿಕೆಯೇ. ಫಾರ್ಮ್ ಕೊಟ್ಟ ಮೇಲೆ ಕೇಸಾದರೂ ಕೂಡಲೇ ತಿಳಿಸಬೇಕು ಅಂತ ಅದರ ಮೇಲ್ಗಡೆಯೇ ಬರೆದಿರುತ್ತೆ.

ಹಾಗಾದ್ರೆ ಕೇಸ್ ಇದ್ದವರಿಗೆ ಬಾಗಿಲು ಮುಚ್ಚಿತಾ? ಇಲ್ಲ. 2016ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಅಭ್ಯರ್ಥಿ ಕೊಡುವ ಮಾಹಿತಿ ನಿಜ ಇರಬೇಕು, ಮುಚ್ಚಿಡಬಾರದು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವಾದರೆ, ಮುಚ್ಚಿಟ್ಟಿದ್ದರೂ ನೇಮಕ ಮಾಡುವವರು ವಿವೇಚನೆಯಿಂದ ಕ್ಷಮಿಸಬಹುದು. ಆದರೆ ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಅಪರಾಧದ ಸ್ವರೂಪ ನೋಡಿ ಅವರು ತೀರ್ಮಾನಿಸ್ತಾರೆ. ಅದಕ್ಕೂ ಮುಂಚೆ, 2013ರ ಮೆಹರ್ ಸಿಂಗ್ ಪ್ರಕರಣದಲ್ಲಿ, ರಾಜಿಯಿಂದಾದ ಖುಲಾಸೆ ಪೊಲೀಸ್ ಕೆಲಸಕ್ಕೆ ಸಾಕಾಗದೇ ಇರಬಹುದು ಅಂತಲೂ ಹೇಳಿದೆ. ನಾನು ಸುಳ್ಳು ಭರವಸೆ ಕೊಡಲ್ಲ. ನಿಜ ಬರೆದರೆ ಒಂದು ಅವಕಾಶ ಇರುತ್ತೆ. ಸುಳ್ಳು ಬರೆದರೆ, ಸಣ್ಣ ಕೇಸಿಗೂ ದೊಡ್ಡ ಶಿಕ್ಷೆ ನೀವೇ ಬರೆದುಕೊಂಡ ಹಾಗೆ.

ಹದಿನೆಂಟು ತುಂಬುವ ಮೊದಲು ಆದ ಪ್ರಕರಣದ ಮಾತು ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಅದರಿಂದ ಅನರ್ಹತೆ ಬರಬಾರದು ಅನ್ನುತ್ತೆ. ಅಂಥವರು ಫಾರ್ಮ್ ತುಂಬುವ ಮುಂಚೆ ಒಬ್ಬ ವಕೀಲರನ್ನು ಕೇಳಿ.

ಇನ್ನು ಒಮಾನಿಗೆ ಬರೋಣ. ಇಲ್ಲಿ ಕೂತಿರುವ ಚಿಕ್ಕ ವಯಸ್ಸಿನವರಲ್ಲಿ ನಾಲ್ಕೈದು ಜನ ವಾಪಸ್ ಹೋಗಿ ಅರ್ಜಿ ಹಾಕ್ತೀವಿ ಅಂದಿದ್ದೀರಿ. ವಯೋಮಿತಿಯನ್ನು ಆಯಾ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಆದರೆ ಒಂದು ಮಾತು ನೆನಪಿರಲಿ, ಬಂಧನ ಆಗಿತ್ತೇ ಅನ್ನುವ ಪ್ರಶ್ನೆಯಲ್ಲಿ ‘ಭಾರತದಲ್ಲಿ ಮಾತ್ರ’ ಅಂತ ಇಲ್ಲ. ಕೇಂದ್ರದ ಫಾರ್ಮಿನಲ್ಲಂತೂ ಇಪ್ಪತ್ತೊಂದು ವರ್ಷ ತುಂಬಿದ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದ ಹೊರದೇಶದ ವಿಳಾಸಗಳನ್ನೆಲ್ಲ ಕೇಳ್ತಾರೆ. ಬರ್ಕಾ, ಸೋಹಾರ್, ಸಲಾಲಾ, ಎಲ್ಲೆಲ್ಲಿ ಇದ್ದಿರಿ, ಎಂದಿನಿಂದ ಎಂದಿನವರೆಗೆ ಅಂತ ಇವತ್ತೇ ಒಂದು ಪುಸ್ತಕದಲ್ಲಿ ಬರೆದಿಡಿ. ಹಳೆಯ ರೆಸಿಡೆಂಟ್ ಕಾರ್ಡಿನ ಫೋಟೋ ಇಟ್ಟುಕೊಳ್ಳಿ.

ಇಲ್ಲಿ ಹೆಸರು ಕೆಡಿಸುವ ಸಂಗತಿಗಳು ಮೂರು. ಒಂದು, ಚೆಕ್. ಲೆಕ್ಕದವನಾಗಿ ಕೈಮುಗಿದು ಹೇಳ್ತೀನಿ, ಗೆಳೆಯನ ಸಾಲಕ್ಕೆ ಖಾಲಿ ಚೆಕ್ ಸಹಿ ಮಾಡಿ ಕೊಡಬೇಡಿ. ಇಲ್ಲಿ ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಕೇಸು. ಎರಡು, ನಿಮ್ಮ ಹೆಸರಿನ ಸಿಮ್ ಕಾರ್ಡ್ ಬೇರೆಯವರಿಗೆ ಕೊಡೋದು. ಅದರಿಂದ ಯಾರೋ ಮೋಸದ ಕರೆ ಮಾಡಿದರೆ ಪೊಲೀಸರು ಬರೋದು ನಿಮ್ಮ ಕ್ಯಾಂಪಿಗೆ. ಮೂರು, ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗೋದು. ಮಾಲೀಕರು ‘ಓಡಿಹೋದ’ ಅಂತ ದೂರು ಕೊಟ್ಟರೆ ಅದು ಬಂಧನ, ಗಡೀಪಾರಿನವರೆಗೂ ಹೋಗಬಹುದು. 2021ರ ಜನವರಿಯಿಂದ ಎನ್.ಒ.ಸಿ. ನಿಯಮ ತೆಗೆದಿದ್ದಾರೆ. ಕರಾರು ಮುಗಿದ ಮೇಲೆ ಕ್ರಮಬದ್ಧವಾಗಿ ಬೇರೆ ಕಡೆ ಹೋಗಲು ದಾರಿ ಇದೆ, ಓಡಬೇಕಿಲ್ಲ. ಸಂಬಳ ಕೊಡದೆ ಸತಾಯಿಸಿದರೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಿ, ನಮ್ಮ ರಾಯಭಾರ ಕಚೇರಿಯ ಓಪನ್ ಹೌಸ್‌ಗೆ ಹೋಗಿ, ಇಲ್ಲವೇ ಮದದ್ ಪೋರ್ಟಲಿನಲ್ಲಿ ಹಾಕಿ.

ಪ್ರಮಾಣಪತ್ರದ ವಿಷಯದಲ್ಲಿ ದೊಡ್ಡ ಗೊಂದಲ ಇದೆ. ಭಾರತದ ರಾಯಭಾರ ಕಚೇರಿ ಕೊಡುವ ಪಿ.ಸಿ.ಸಿ. ಭಾರತದಲ್ಲಿನ ನಿಮ್ಮ ದಾಖಲೆಯ ಬಗ್ಗೆ. ಒಮಾನಿನಲ್ಲಿ ನಿಮಗೆ ಶಿಕ್ಷೆ ಆಗಿಲ್ಲ ಅನ್ನೋದಕ್ಕೆ ಪತ್ರ ಕೊಡೋದು ರಾಯಲ್ ಒಮಾನ್ ಪೊಲೀಸ್. ಊರಿಗೆ ಖಾಯಂ ಹೋಗುವವರು ಈ ಎರಡನೆಯದನ್ನು ಇಲ್ಲಿರುವಾಗಲೇ ಮಾಡಿಸಿ. ರಾಯಚೂರಿನಲ್ಲೋ ಭಟ್ಕಳದಲ್ಲೋ ಕೂತು ಇದನ್ನು ತರಿಸೋದು ಬಹಳ ಕಷ್ಟ. ಒಮಾನಿನ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಹಾಕಿಸಿದರೆ ಭಾರತದಲ್ಲೂ ಮಾನ್ಯ. ಎರಡೂ ದೇಶ ಆ ಒಪ್ಪಂದದಲ್ಲಿವೆ.

ನಾವು ಲೆಕ್ಕದವರು ತಿಂಗಳ ಕೊನೆಗೆ ಬ್ಯಾಂಕ್ ಪುಸ್ತಕವನ್ನೂ ನಮ್ಮ ಪುಸ್ತಕವನ್ನೂ ತಾಳೆ ನೋಡ್ತೀವಿ. ಒಂದು ಬೈಸಾ ವ್ಯತ್ಯಾಸ ಬಂದರೂ ಮನೆಗೆ ಹೋಗಲ್ಲ. ಅದೇ ಕೆಲಸ ನೀವೂ ಮಾಡಿ:

1. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಪಕ್ಕಪಕ್ಕ ಇಟ್ಟು ಹೆಸರು, ತಂದೆಯ ಹೆಸರು, ಜನ್ಮದಿನಾಂಕ ನೋಡಿ. ವೀಸಾ ಸಿಗಲಿ ಅಂತ ಏಜೆಂಟ್ ವಯಸ್ಸು ಬದಲಿಸಿದ್ದರೆ ಅರ್ಜಿಗೆ ಮುಂಚೆಯೇ ಸರಿಪಡಿಸಿ.

2. ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಜಿಲ್ಲೆ, ತಾಲ್ಲೂಕು ಹಾಕಿ ನಿಮ್ಮ ಹೆಸರು ಹುಡುಕಿ. ಗುಂಪಿನ ಗಲಾಟೆಯಲ್ಲಿ ನಿಮಗೇ ಗೊತ್ತಿಲ್ಲದೆ ಹೆಸರು ಸೇರಿರಬಹುದು.

3. ಕೇಸ್ ಇದ್ದರೆ ಎಫ್.ಐ.ಆರ್., ತೀರ್ಪು ಅಥವಾ ಬಿ ರಿಪೋರ್ಟಿನ ದೃಢೀಕೃತ ನಕಲು ತೆಗೆಸಿಡಿ. ಫಾರ್ಮಿನಲ್ಲಿ ಕ್ರೈಂ ನಂಬರ್, ಠಾಣೆ, ಕಲಂ, ಫಲಿತಾಂಶ ಎಲ್ಲ ಬರೆಯಿರಿ. ತುಂಬಿದ ಫಾರ್ಮಿನ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

4. ಮನೆಗೆ ಬೀಗ ಹಾಕಿದ್ದರೆ ‘ವಿಳಾಸದಲ್ಲಿ ವಾಸವಿಲ್ಲ’ ಅಂತ ವರದಿ ಹೋಗಬಹುದು. ಪೊಲೀಸರು ಬರ್ತಾರೆ ಅಂತ ಮನೆಯವರಿಗೂ ಪಕ್ಕದವರಿಗೂ ಹೇಳಿಡಿ. ಕೇಳಿದ್ದಕ್ಕೆ ನಿಜ ಹೇಳಲಿ. ಕಾಣಿಕೆ ಕೊಡಬೇಕಿಲ್ಲ.

5. ಇಷ್ಟು ಲಕ್ಷ ಕೊಟ್ಟರೆ ಮಾಡಿಸಿಕೊಡ್ತೀನಿ ಅನ್ನುವವರನ್ನು ದೂರ ಇಡಿ. 2021ರ ಅಕ್ಟೋಬರ್ 3ರಂದು ನಡೆದ 545 ಪಿ.ಎಸ್.ಐ. ಹುದ್ದೆಗಳ ಪರೀಕ್ಷೆ ಏನಾಯ್ತು ಗೊತ್ತಲ್ಲ. ಅಕ್ರಮ ಬಯಲಾಗಿ ಆಯ್ಕೆ ರದ್ದಾಯ್ತು, ಅಭ್ಯರ್ಥಿಗಳೂ ಜೈಲು ಕಂಡರು. ನಿಯತ್ತಾಗಿ ಓದಿದವರೂ 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾಯ್ತು. ನೀವು ಬಿಸಿಲಲ್ಲಿ ದುಡಿದು ಕಳಿಸಿದ ರಿಯಾಲ್ ನಿಮ್ಮ ತಮ್ಮನಿಗೆ ಕೇಸ್ ಕೊಡಿಸಬಾರದು.

ಕೊನೆಯದಾಗಿ ಅಣ್ಣ-ಅಕ್ಕಂದಿರಿಗೆ ಒಂದು ಮಾತು. ಊರಿನ ಹುಡುಗರು, ಹುಡುಗಿಯರು ಫಾರ್ಮ್ ಹಿಡಿದು ಮೊದಲು ಕೇಳೋದು ನಿಮ್ಮನ್ನೇ. ಯಾಕಂದ್ರೆ ಮನೆ ನಡೆಯೋದು ನಿಮ್ಮ ದುಡ್ಡಿನಲ್ಲಿ, ನಿಮ್ಮ ಮಾತಿಗೆ ತೂಕ ಇದೆ. ‘ಇಲ್ಲ ಅಂತ ಹಾಕು’ ಅಂತ ಫೋನಿನಲ್ಲಿ ಸಲೀಸಾಗಿ ಹೇಳಿಬಿಡಬೇಡಿ. ‘ಇದ್ದದ್ದು ಬರಿ, ಕಾಗದ ಜೋಡಿಸು, ಆಮೇಲೆ ಆಗಿದ್ದಾಗಲಿ’ ಅನ್ನಿ. ನನಗೆ ಅವತ್ತು ಹಾಗೆ ಹೇಳುವವರು ಇರಲಿಲ್ಲ.

ಘಾಲಾದ ಅಣ್ಣನ ತಮ್ಮ ‘ಹೌದು’ ಅಂತ ಬರೆದು ಕಳಿಸಿದ್ದಾನೆ. ಉತ್ತರ ಇನ್ನೂ ಬಂದಿಲ್ಲ, ಕಾಯ್ತಿದ್ದೇವೆ. ಏನೇ ಬಂದರೂ ಅವನು ಸುಳ್ಳುಗಾರ ಅಂತ ಪತ್ರ ಬರಲ್ಲ. ಅವರಪ್ಪ ಅದನ್ನು ಮಡಚಿ ಗೂಡಿನಲ್ಲಿಡಬೇಕಾಗಿಲ್ಲ.

ಚಹಾ ಬಂದಿದೆ. ಪಾಸ್‌ಪೋರ್ಟ್, ಅಂಕಪಟ್ಟಿ ತಂದವರು ಉಳಿದುಕೊಳ್ಳಿ, ಕೂತು ತಾಳೆ ನೋಡೋಣ.