ಹೊಲದ ಕೋಣೆಯಲ್ಲಿ ಕೆಂಡದ ಕಾವು



ಕೋಲಾರದ ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿದೆ. ಬೇಸಗೆಯಲ್ಲಿ ಅಲ್ಲಿಯ ಬಿಸಿಲನ್ನು ಕಂಡವರಿಗೆ, ಅಲ್ಲಿಯೂ ಚಳಿಯುಂಟೆಂದರೆ ನಗು ಬಂದೀತು. ಆದರೆ ಡಿಸೆಂಬರು ಜನವರಿ ತಿಂಗಳುಗಳಲ್ಲಿ ಮಾಲೂರಿನ ಬಯಲಿನಲ್ಲಾಗಲಿ, ಮುಳಬಾಗಿಲಿನ ಬಂಡೆಗುಡ್ಡಗಳ ಬುಡದಲ್ಲಾಗಲಿ ಒಂದು ರಾತ್ರಿ ಮಲಗಿ ನೋಡಿದವರು ನಗಲಾರರು. ಶಾಖವು 15 ಡಿಗ್ರಿಗೆ ಇಳಿಯುವುದು ವಾಡಿಕೆ. ಬಾನು ಶುಭ್ರವಾಗಿ ಗಾಳಿ ನಿಂತ ರಾತ್ರಿಗಳಲ್ಲಿ ಇನ್ನೂ ಕೆಳಗಿಳಿಯುವುದುಂಟು.

ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರು ಈ ತಾಲ್ಲೂಕುಗಳಲ್ಲಿ ತುಂಡು ಜಮೀನು ಕೊಂಡು, ನಾಲ್ಕು ಮಾವಿನ ಗಿಡ ಹಾಕಿಸಿ, ಕಾವಲಿನವನಿಗೆಂದು ಒಂದು ಕೋಣೆ ಕಟ್ಟಿಸಿರುತ್ತೇವೆ. ಸಿಮೆಂಟು ಇಟ್ಟಿಗೆಯ ಗೋಡೆ, ತಗಡಿನ ಮಾಡು, ಕಬ್ಬಿಣದ ಬಾಗಿಲು, ಒಂದೇ ಕಿಟಕಿ. ವಿದ್ಯುತ್ತಿನ ತಂತಿ ಎಷ್ಟೋ ಕಡೆ ಅಲ್ಲಿಯವರೆಗೆ ಬಂದಿರುವುದಿಲ್ಲ. ಈ ಕೋಣೆಯಲ್ಲಿ ಚಳಿಗಾಲವನ್ನು ಕಳೆಯುವುದು ಹೇಗೆಂಬುದನ್ನು ಕಟ್ಟಿಸಿದವರು ಯೋಚಿಸುವುದು ಅಪೂರ್ವ. ನಾನೂ ಯೋಚಿಸಿರಲಿಲ್ಲ.

ಒಂದು ಜನವರಿಯ ಬೆಳಗ್ಗೆ ನಾನು ಹೋದಾಗ ಕಾವಲಿನವನ ಹೆಂಡತಿ ಬಾಗಿಲ ಹೊರಗೆ ತಲೆ ಹಿಡಿದುಕೊಂಡು ಕುಳಿತಿದ್ದಳು. “ತಲೆ ಒಡೆದೋಗ್ತಾ ಐತೆ ಸ್ವಾಮಿ, ಮಕ್ಕಳೆಲ್ಲ ವಾಂತಿ ಮಾಡ್ಕೊಂಡವೆ” ಎಂದಳು. ರಾತ್ರಿಯ ಸಾರು ಹಳಸಿತ್ತೇನೋ ಎಂದೆ. ಸಾರಿನ ತಪ್ಪೇನೂ ಇರಲಿಲ್ಲ. ಅಡಿಗೆಯಾದ ಮೇಲೆ ಉಳಿದ ಕೆಂಡವನ್ನು ಹಳೆಯ ಗಾರೆ ಬಾಂಡಲಿಗೆ ತುಂಬಿ, ಮೇಲೊಂದು ಬೊಗಸೆ ಇದ್ದಿಲು ಸುರಿದು, ಒಳಗಿಟ್ಟುಕೊಂಡು, ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಮಲಗಿದ್ದರು. ನಡುರಾತ್ರಿಯಲ್ಲಿ ನಾಯಿ ಬೊಗಳಿತೆಂದು ಗಂಡ ಎದ್ದು ಬಾಗಿಲು ತೆರೆದವನು ಕಾಲು ಸೋತು ಜಗಲಿಯ ಮೇಲೆಯೇ ಕುಸಿದ. ಬಾಗಿಲು ತೆರೆದೇ ಉಳಿಯಿತು. ಆದಕಾರಣ ಅವರೆಲ್ಲರೂ ಉಳಿದರು.

ಅವರು ಮಾಡಿದ್ದು ಹೊಸತೇನಲ್ಲ. ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆ ಇಡದ ಮನೆ ನಮ್ಮ ಹಿರಿಯರ ಕಾಲದಲ್ಲಿ ಯಾವುದಿತ್ತು? ಕೋಲಾರದ ತೆಲುಗು ಮನೆಮಾತಿನವರು ಇದನ್ನೇ ಕುಂಪಟಿ ಎನ್ನುತ್ತಾರೆ. ಹಾಗಾದರೆ ಅವರಿಗೆಲ್ಲ ಒದಗದ ಕೇಡು ನಮ್ಮ ಕೋಣೆಯಲ್ಲಿ ಏಕೆ ಒದಗಬೇಕು? ವ್ಯತ್ಯಾಸವಿರುವುದು ಬೆಂಕಿಯಲ್ಲಲ್ಲ, ಗೋಡೆಯಲ್ಲಿ. ಹುಲ್ಲು ಹೊದಿಸಿದ ಗುಡಿಸಲಿನಲ್ಲಿ ಗೋಡೆಗೂ ಸೂರಿಗೂ ನಡುವೆ ಕೈ ತೂರುವಷ್ಟು ತೆರಪು ಇರುತ್ತಿತ್ತು. ನಾಡಹೆಂಚಿನ ಮನೆಯಲ್ಲಿ ಹೆಂಚುಗಳ ಸಂದಿನಲ್ಲಿ ಗಾಳಿಯಾಡುತ್ತಿತ್ತು; ಕಲ್ಲು ಚಪ್ಪಡಿ ನಿಲ್ಲಿಸಿದ ಗೋಡೆಯಲ್ಲಿ ಸಂದಿಗಳಿಗೆ ಬರವಿರಲಿಲ್ಲ. ಆಗಲೂ ಅಪಾಯವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಬಹುಪಾಲು ಹೊರಗೆ ಹೋಗುತ್ತಿತ್ತು, ಅಷ್ಟೆ. ಹಳೆಯ ಅಭ್ಯಾಸವು ಹೊಸ ಗೋಡೆಗಳ ನಡುವೆ ಬಂದು ಕುಳಿತಿದೆ.

ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಬೆಂದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಂಡದ ಮೇಲೆ ಆಡುವ ನೀಲಿ ಜ್ವಾಲೆಯನ್ನು ತಾವು ಕಂಡಿರಬಹುದು. ಅದು ಈ ಅನಿಲವೇ ಉರಿದುಹೋಗುತ್ತಿರುವ ಗುರುತು. ಜ್ವಾಲೆ ಅಡಗಿ ಬೂದಿ ಮುಚ್ಚಿದ ಮೇಲೆ ಅದು ಉರಿಯದೆ ಕೋಣೆಯಲ್ಲಿ ತುಂಬುತ್ತದೆ. ರಕ್ತದ ಕೆಂಪು ಕಣಗಳಲ್ಲಿರುವ ಹೀಮೋಗ್ಲೋಬಿನ್ನು ಆಮ್ಲಜನಕಕ್ಕಿಂತ 200 ಮಡಿಗೂ ಹೆಚ್ಚಿನ ಒಲವಿನಿಂದ ಇದನ್ನು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ಸಾವಿರಕ್ಕೆ ಎರಡು ಪಾಲು ಸೇರಿದರೆ ಗಂಟೆ ಎರಡು ಗಂಟೆಯೊಳಗೆ ಪ್ರಾಣ ಹೋಗಬಹುದು. ಹೊಗೆಯಾದರೆ ಕಣ್ಣುರಿಸಿ, ಕೆಮ್ಮಿಸಿ ಮಲಗಿದವನನ್ನು ಎಬ್ಬಿಸುತ್ತದೆ. ಇದು ಮಲಗಿದವನನ್ನು ಇನ್ನಷ್ಟು ಮಲಗಿಸುತ್ತದೆ. ಹೊಗೆಯೆಲ್ಲ ಹೋಗಲೆಂದು ಹೊರಗೆ ಕಾದು, ಕೆಂಡ ಶುದ್ಧವಾದ ಮೇಲೆ ಒಳತರುವ ಜಾಣತನ ಇಲ್ಲಿ ಕೆಲಸಕ್ಕೆ ಬಾರದು.

ಕೋಲಾರದ ರೈತರು ಹಳೆಯ ಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಸಿ ನೋಡುವುದುಂಟು. ದೀಪ ಆರಿದರೆ ಇಳಿಯಬಾರದು, ಒಳ್ಳೆಯ ಪದ್ಧತಿ. ಆದರೆ ಅದು ಆಮ್ಲಜನಕದ ಕೊರತೆಯನ್ನು ಮಾತ್ರ ತೋರಿಸೀತು. ಕೆಂಡವಿಟ್ಟ ಕೋಣೆಯಲ್ಲಿ ಮನುಷ್ಯನನ್ನು ಕೊಲ್ಲುವಷ್ಟು ಅನಿಲವಿದ್ದರೂ ಬುಡ್ಡಿದೀಪ ಚೆನ್ನಾಗಿಯೇ ಉರಿಯುತ್ತಿರುತ್ತದೆ. ಸ್ಕಾಟ್ಲೆಂಡಿನ ಹಾಲ್ಡೇನ್ ಎಂಬ ವಿಜ್ಞಾನಿ 1896ರಲ್ಲಿ, ಕಲ್ಲಿದ್ದಲ ಗಣಿಗಳ ಸ್ಫೋಟದಲ್ಲಿ ಸತ್ತವರಲ್ಲಿ ಬಹುಮಂದಿ ಈ ಅನಿಲದಿಂದಲೇ ಸತ್ತರೆಂದು ತೋರಿಸಿ, ಇದನ್ನು ಕಂಡುಹಿಡಿಯಲು ಸಣ್ಣ ಪ್ರಾಣಿಗಳನ್ನು ಒಯ್ಯಬೇಕೆಂದದ್ದು ಇದೇ ಕಾರಣದಿಂದ. ಇಂದು ಹಕ್ಕಿಯ ಬದಲು ಬ್ಯಾಟರಿಯಿಂದ ನಡೆಯುವ, ಅಂಗೈಯಗಲದ ಎಚ್ಚರಿಕೆಯ ಗಂಟೆಗಳು ದೊರೆಯುತ್ತವೆ.

ರೇಷ್ಮೆ ಸಾಕುವವರಿಗೂ ಒಂದು ಮಾತು. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಶಾಖ ಬೇಕು. ಚಳಿಗಾಲದಲ್ಲಿ ಹುಳುಮನೆಗೆ ಕಾವು ಕೊಡದೆ ವಿಧಿಯಿಲ್ಲ. ಇದ್ದಿಲ ಒಲೆಯನ್ನೇ ಇಡುವುದಾದರೆ ಗಾಳಿಗಂಡಿ ತೆರೆದಿರಲಿ, ಮನುಷ್ಯರು ಮಾತ್ರ ಅಲ್ಲಿ ಮಲಗಕೂಡದು.

ಇನ್ನು ಕೋಣೆಯ ವಿಚಾರ. ಮಲಗುವ ಹೊತ್ತಿಗೆ ಕೆಂಡ ಒಳಗಿರತಕ್ಕದ್ದಲ್ಲ. ಕಿಟಕಿಯನ್ನು ಬೆರಳಷ್ಟು ತೆರೆದಿದ್ದೇವೆಂಬ ಧೈರ್ಯ ಸಾಲದು. ಸೀಮೆಎಣ್ಣೆ ಒಲೆ, ಅನಿಲದ ಒಲೆಗಳಿಗೂ ಇದೇ ಮಾತು. ಮೊದಲು ಚಳಿ ಒಳಬರುವ ದಾರಿಯನ್ನು ನೋಡಬೇಕು: ತಗಡಿನ ಕೆಳಗೆ ಒಂದು ಅಡಿ ಬಿಟ್ಟು ಬಿದಿರಿನ ತಟ್ಟಿ ಕಟ್ಟಿಸಿದರೆ ಇರುಳಿನ ಕೊರೆತ ಎಷ್ಟೋ ಕಡಮೆಯಾಗುತ್ತದೆ. ಹಾಸಿಗೆಯಡಿಗೆ ಹುಲ್ಲು, ಮೇಲೆ ಕುರುಬರು ನೇಯ್ದ ಕಂಬಳಿ, ಕಾಲಬಳಿ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಚೀಲ, ಇವು ಇದ್ದರೆ ಬೆಂಕಿಯ ನೆನಪೇ ಬಾರದು.

ಬೆಂಕಿಯೇ ಬೇಕೆಂದರೆ ನಮ್ಮ ಬಚ್ಚಲುಮನೆಯೇ ದಾರಿ ತೋರಿಸುತ್ತದೆ. ಎಷ್ಟೋ ಹಳೆಯ ಮನೆಗಳಲ್ಲಿ ಹಂಡೆಯ ಒಲೆಯ ಬಾಯಿ ಹಿತ್ತಲಿಗೆ ತೆರೆದಿರುತ್ತಿತ್ತು. ಉರಿ ಹೊರಗೆ, ಬಿಸಿ ಒಳಗೆ. ನಾನು ಆ ಕೋಣೆಯ ಗೋಡೆಗೆ ಹೊರಗಿನಿಂದ ಅಂಥದೊಂದು ಒಲೆ ಹೂಡಿಸಿ, ಹೊಗೆಕೊಳವೆಯನ್ನು ಮಾಡಿಗಿಂತ ಮೂರು ಅಡಿ ಮೇಲಕ್ಕೆ ಎತ್ತಿಸಿದೆ. ಗೋಡೆಯಲ್ಲಿ ಬಿರುಕು ಬಿಟ್ಟರೆ ಅನಿಲ ಒಳನುಗ್ಗುವುದರಿಂದ, ದೀಪಾವಳಿ ಕಳೆದೊಡನೆ ಒಳಗಡೆಯ ಗಿಲಾವನ್ನು ಪರೀಕ್ಷಿಸಿ ಮೆತ್ತಿಸುವುದುಂಟು. ಎಚ್ಚರಿಕೆಯ ಗಂಟೆಯನ್ನೂ ತೂಗುಹಾಕಿದ್ದೇನೆ.

ಇಷ್ಟಾದರೂ, ಒಂದೇ ಕೋಣೆಯಲ್ಲಿ ಮಲಗಿದವರಿಗೆಲ್ಲ ಒಟ್ಟಿಗೆ ತಲೆನೋವು, ಓಕರಿಕೆ, ಮಂಪರು ಕಂಡರೆ ಕಾರಣವನ್ನು ಸಾರಿನಲ್ಲಿ ಹುಡುಕಬೇಡಿ. ಬಾಗಿಲು ತೆರೆದು ಎಲ್ಲರನ್ನೂ ಬಯಲಿಗೆ ತನ್ನಿ. ಪ್ರಜ್ಞೆಯಿಲ್ಲದವರ ಬಾಯಿಗೆ ನಿಂಬೆರಸವನ್ನಾಗಲಿ ನೀರನ್ನಾಗಲಿ ಹಾಕಬೇಡಿ. 108ಕ್ಕೆ ಕರೆ ಕಳುಹಿಸಿ, ಕೋಣೆಯಲ್ಲಿ ಕೆಂಡವಿತ್ತೆಂಬುದನ್ನು ವೈದ್ಯರಿಗೆ ತಿಳಿಸಿ. ಅವರು ಕೊಡುವ ಆಮ್ಲಜನಕವೇ ಇದಕ್ಕೆ ಔಷಧ.

ಹೊಸ ಒಲೆಯ ಬಗ್ಗೆ ಆ ತಾಯಿಯ ದೂರು ಒಂದೇ: ಸೌದೆ ಹೆಚ್ಚು ತಿನ್ನುತ್ತದಂತೆ. ನೀಲಗಿರಿಯ ತುಂಡುಗಳನ್ನು ಒಂದು ಗಾಡಿ ತರಿಸಿ ಹಾಕಿಸಿದ್ದೇನೆ.